ಏಳು ನಿಮಿಷದಲ್ಲಿ ಇಂಗಿದ ನೀರು

ಮೂರನೆಯ ಗುಂಡಿಯ ನೀರು ಏಳು ನಿಮಿಷದಲ್ಲಿ ಇಂಗಿಹೋಯಿತು. ಮೊದಲನೆಯದರಲ್ಲಿ ಬೆಳಿಗ್ಗೆ ಸುರಿದ ನೀರು ಮಧ್ಯಾಹ್ನವಾದರೂ ಹಾಗೇ ನಿಂತಿತ್ತು. ಎರಡನೆಯದರಲ್ಲಿ ಎರಡು ಬೆರಳಿನಷ್ಟು ಇಳಿದಿತ್ತು. ಮೂರನೆಯದಕ್ಕೆ ಎರಡು ಬಕೆಟ್ ಸುರಿದು ಮೊಬೈಲಿನಲ್ಲಿ ಸಮಯ ನೋಡುತ್ತ ನಿಂತೆ. ಏಳು ನಿಮಿಷಕ್ಕೆ ತಳದ ಮಣ್ಣು ಕಂಡಿತು. ಇನ್ನೆರಡು ಬಕೆಟ್ ಸುರಿದೆ, ಅದೂ ಹೋಯಿತು. ಆಗ ನನಗಾದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಆ ಸಂತೋಷಕ್ಕೆ ನಮ್ಮ ಮೇಸ್ತ್ರಿ ಒಂದು ಕಾಲು ಕಳೆದುಕೊಂಡರು. ಜೀವ ಉಳಿದದ್ದು ಸ್ವಲ್ಪದರಲ್ಲಿ.

ಕೆಲಸ ಯಮಕನಮರಡಿಯ ಹತ್ತಿರ, ಹೆದ್ದಾರಿಯಿಂದ ಒಳಗೆ ಕಬ್ಬಿನ ಹೊಲದ ನಡುವೆ ಕಟ್ಟಿದ ಹೊಸ ಮನೆಯದು. ಮಾಲಕರದು ಲಾರಿ ಸಾಗಣೆಯ ವ್ಯವಹಾರ. ಮನೆಯ ಹಿಂದೆ ಮೂವತ್ತು ಅಡಿ ಉದ್ದದ ಈಜುಕೊಳ ಕಟ್ಟಿಸಿದ್ದರು. ಕಟ್ಟಿದವರು ಎಲ್ಲಿಂದಲೋ ಬಂದು ಕೊಳವನ್ನಷ್ಟೇ ಮುಗಿಸಿ ಹೋಗಿದ್ದರು. ಸುತ್ತಲಿನ ನೆಲ ಹಾಗೇ ಬಿದ್ದಿತ್ತು. ಒಮ್ಮೆ ಮಳೆಯಾದರೆ ಎರೆಮಣ್ಣು ಕಾಲಿಗೆ ಅಂಟಿ, ಕಾಲಿನಿಂದ ಕೊಳಕ್ಕೆ ಇಳಿದು ನೀರೆಲ್ಲ ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ಎರಡು ಸಾವಿರ ಚದರಡಿಗೆ ಕೃತಕ ಹುಲ್ಲು ಹಾಸಿ, ನೀರು ನಿಲ್ಲದಂತೆ ಮಾಡಿಕೊಡುವುದು ನನ್ನ ಕೆಲಸ. ಒಂಬತ್ತು ದಿನದ ಗಡುವು. ಮುಂದಿನ ವಾರದ ಭಾನುವಾರ ಮಾಲಕರ ಬಸುರಿ ಮಗಳ ಕುಬಸ, ಅಂದರೆ ಸೀಮಂತ; ಹೆಂಗಸರನ್ನೆಲ್ಲ ಆ ಹುಲ್ಲಿನ ಮೇಲೆಯೇ ಕೂರಿಸಿ ಮಾಡುವುದು ಅವರ ಆಸೆ.

ನಾನು ಕಲ್ಲೋಳಿಯವನು, ಸಿವಿಲ್ ಇಂಜಿನಿಯರಿಂಗ್ ಓದಿದವನು. ಜೊತೆಗೆ ಗೋಕಾಕದ ಮೇಸ್ತ್ರಿ. ಐವತ್ತು ದಾಟಿದವರು, ನೆಲಕ್ಕೆ ಫರ್ಸಿ ಕಲ್ಲು ಹಾಸುವುದರಲ್ಲಿ ನುರಿತ ಕೈ. ನಾನು ಅವರನ್ನು ಚಾಚಾ ಅನ್ನುತ್ತಿದ್ದೆ. ಮೇಲವಂಕಿಯ ಅಣ್ಣ ತಮ್ಮ ಇಬ್ಬರು ಅಗೆಯಲು, ಹೊರಲು ಬರುತ್ತಿದ್ದರು. ಇಷ್ಟೇ ನಮ್ಮ ತಂಡ.

ಕೃತಕ ಹುಲ್ಲಿನ ಕೆಲಸವೆಂದರೆ ರತ್ನಗಂಬಳಿ ಹಾಸಿದ ಹಾಗೆ ಎಂದು ಜನ ತಿಳಿಯುತ್ತಾರೆ. ಹುಲ್ಲು ಹಾಸುವುದು ಎರಡು ದಿನದ ಕೆಲಸ. ಉಳಿದದ್ದೆಲ್ಲ ಅದರ ಕೆಳಗಿನದು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಹಾಗಾಗಿ ಒಂಬತ್ತು ಇಂಚು ಮಣ್ಣು ತೆಗೆದು ಗರಸು, ಅಂದರೆ ಹರಳುಕಲ್ಲು ಬೆರೆತ ಮಣ್ಣು, ತುಂಬಬೇಕು. ಕೊಳದಿಂದ ಹೊರಕ್ಕೆ ಹತ್ತು ಅಡಿಗೆ ಒಂದೂವರೆ ಇಂಚಿನಂತೆ ಇಳಿಜಾರು ಕೊಡಬೇಕು. ಇಳಿಜಾರಿನ ತುದಿಯಲ್ಲಿ ಕಾಲುವೆ ತೋಡಿ, ನೀರು ಬಿಡುವ ದಪ್ಪ ಬಿಳಿ ಬಟ್ಟೆ ಹಾಸಿ, ರಂಧ್ರ ಕೊರೆದ ನಾಲ್ಕಿಂಚಿನ ಪೈಪಿಟ್ಟು, ಸುತ್ತ ಖಡಿಕಲ್ಲಿನ ಜಲ್ಲಿ ತುಂಬಿ, ಬಟ್ಟೆಯನ್ನು ಮೇಲೆ ಮಡಚಬೇಕು. ಹುಲ್ಲಿನ ಬೆನ್ನಲ್ಲಿ ಸಣ್ಣ ತೂತುಗಳಿರುತ್ತವೆ. ಅವುಗಳಿಂದ ಇಳಿದ ನೀರು ಗರಸಿನ ಮೇಲೆ ಜಾರಿ ಪೈಪಿಗೆ ಬರುತ್ತದೆ. ಪೈಪಿನಿಂದ ಎಲ್ಲಿಗೆ ಎಂಬುದೇ ಪ್ರಶ್ನೆ.

ಮೊದಲ ಯೋಜನೆಯಂತೆ ನೀರನ್ನು ನೂರೈವತ್ತು ಅಡಿ ಆಚೆಯ ಹಳ್ಳಕ್ಕೆ ಒಯ್ಯಬೇಕಿತ್ತು. ಆದರೆ ನಡುವೆ ಮಾಲಕರು ಆಗಷ್ಟೇ ಹಾಸಿಸಿದ ಕಲ್ಲಿನ ದಾರಿಯಿತ್ತು.

"ಅದನ್ನ ಕಿತ್ತೀರಿ ಅಂದ್ರ ನಿಮ್ಮನ್ನೂ ಕಿತ್ತು ಹಳ್ಳಕ್ಕ ಹಾಕ್ತೀನಿ ನೋಡ್ರಿ," ಎಂದು ಮಾಲಕರು ನಕ್ಕರು. ನಗು ಅಷ್ಟೇನೂ ತಮಾಷೆಯದಾಗಿರಲಿಲ್ಲ.

ಹಾಗಾಗಿ ಅಂಗಳದಲ್ಲೇ ನೀರು ಇಂಗುವ ಜಾಗ ಹುಡುಕಲು ಮೂರು ಕಡೆ ಒಂದೂವರೆ ಅಡಿಯ ಗುಂಡಿ ತೆಗೆಸಿದೆ. ಮೂರನೆಯದು ಕೊಳದಿಂದ ಇಪ್ಪತ್ತು ಅಡಿ ದೂರ, ಬೇವಿನ ಗಿಡದ ಪಕ್ಕ. ಅಲ್ಲಿ ಕಪ್ಪು ಮಣ್ಣಿನ ಬದಲು ಕೆಂಪು ಗರಸು ಸಿಕ್ಕಿತು. ಎರೆಭೂಮಿಯಲ್ಲಿ ಅಲ್ಲಲ್ಲಿ ಇಂಥ ಗರಸಿನ ಪಟ್ಟಿ ಇರುತ್ತದೆ ಎಂದು ಓದಿದ್ದೆ. ಅದನ್ನೇ ಎಲ್ಲರಿಗೂ ಹೇಳಿದೆ.

ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣನ್ನು ಕೈಯಲ್ಲಿ ಪುಡಿ ಮಾಡಿ, ಇಟ್ಟಿಗೆಯ ಚೂರೊಂದನ್ನು ಹೆಕ್ಕಿದರು.

"ಇಂಜಿನಿಯರ್ ಸಾಹೇಬ್ರ, ಗರಸಿನ್ಯಾಗ ಇಟ್ಟಂಗಿ ತುಂಡು ಹ್ಯಾಂಗ ಬಂತರಿ?"

"ಮನಿ ಕಟ್ಟುವಾಗ ಬಿದ್ದಿರಬೇಕು, ಚಾಚಾ."

"ಒಂದೂವರಿ ಫೂಟ್ ಕೆಳಗ?"

ಅವರು ಕೈ ಝಾಡಿಸಿಕೊಂಡು ಎದ್ದರು.

"ಮೂವತ್ತು ವರ್ಷ ಆತು, ಇಷ್ಟು ಲಗೂ ಕುಡಿಯೋ ನೆಲ ನಾ ನೋಡಿಲ್ರಿ. ಒಂದ್ಸಲ ಹಾರಿ ಹಾಕಿ ನೋಡೂಣ."

ಹಾರಿ ಅಂದರೆ ನೆಲಕ್ಕೆ ಹೊಡೆಯುವ ಕಬ್ಬಿಣದ ಸಲಾಕೆ. ಅದನ್ನು ಹಿಡಿದು ಬಂದವರು ಗುಂಡಿಯ ಹತ್ತಿರ ಬಂದು ನಿಂತುಬಿಟ್ಟರು. ಗುಂಡಿಯಿಂದ ಎರಡು ಮಾರು ಆಚೆ, ಬರಿ ನೆಲದ ಮೇಲೆ, ಅರಿಷಿಣ ಕುಂಕುಮದ ಕಲೆಯಿತ್ತು. ಒಣಗಿದ ಹೂವು, ಅರ್ಧ ಸುಟ್ಟ ಊದಿನಕಡ್ಡಿ. ಕಲ್ಲಿಲ್ಲ, ಮೂರ್ತಿಯಿಲ್ಲ. ಆ ಮನೆಯ ಸೊಸೆ ಶುಕ್ರವಾರ ಬೆಳಿಗ್ಗೆ ಅಲ್ಲಿ ಬಗ್ಗಿ ಕೈಮುಗಿಯುವುದನ್ನು ನಾವು ನೋಡಿದ್ದೆವು. ನಾವು ಕೆಲಸಕ್ಕೆ ಬಂದ ಮೊದಲ ದಿನ ಅದೇ.

"ಇದು ಪೂಜಾದ ಜಾಗಾ ಐತಿ," ಎಂದರು ಮೇಸ್ತ್ರಿ. ದನಿ ತಗ್ಗಿಸಿದ್ದರು. "ನಾ ಇಲ್ಲಿ ಹಾರಿ ಹಾಕೂದು ಚೊಲೋ ಕಾಣೂದಿಲ್ಲರಿ. ಏನು ಎತ್ತ ಅಂತ ನೀವೊಂದು ಮಾತು ಮನ್ಯಾಗ ಕೇಳ್ರಿ. ನೀವು ಅವರ ಮಂದಿ."

"ಕೇಳೀನಿ ಚಾಚಾ," ಎಂದೆ.

ಕೇಳಿದ್ದೆ, ಖರೆ. ಹಿಂದಿನ ಸಂಜೆ ಸೊಸೆಯನ್ನು ಕಂಡು, "ಅಕ್ಕಾರ, ನೀವು ಪೂಜಾ ಮಾಡೂ ಜಾಗಾದ ಮ್ಯಾಲೂ ಹುಲ್ಲು ಬರ್ತೈತಿ, ನಡೀತೈತೇನ್ರಿ?" ಎಂದಿದ್ದೆ.

"ಹಾಸ್ರಿ ಅಣ್ಣಾರ. ಹುಲ್ಲಿನ ಮ್ಯಾಲ ಕುಂಕುಮ ಇಡ್ತೇವಿ. ನಿಮ್ಮ ಪ್ಲಾಸ್ಟಿಕ್ ಹುಲ್ಲಿಗೇನು ಮಡಿ ಮೈಲಿಗಿ ಐತೇನು?" ಎಂದು ಆಕೆ ನಕ್ಕಿದ್ದಳು. ಕುಂಕುಮದ ಕಲೆ ಹೋಗುವುದಿಲ್ಲ ಎಂದು ನಾನೂ ನಕ್ಕಿದ್ದೆ.

ಹಾಸಬಹುದೇ ಎಂದು ಕೇಳಿದ್ದೆ. ಇಲ್ಲಿ ಏನಿದೆ ಎಂದು ಕೇಳಿರಲಿಲ್ಲ. ನನ್ನ ಅವ್ವನೂ ಕೊಟ್ಟಿಗೆಯ ಮೂಲೆಯಲ್ಲಿ, ಪಂಪಿನ ಮನೆಯ ಹೊಸ್ತಿಲಲ್ಲಿ ಕುಂಕುಮ ಇಡುತ್ತಾಳೆ. ಇಂಥದ್ದನ್ನು ನೋಡುತ್ತಲೇ ಬೆಳೆದವನು, ಇದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಗೊತ್ತಿಲ್ಲದ ಮೇಸ್ತ್ರಿಗೆ ಕೇಳಬೇಕು ಅನ್ನಿಸಿತು, ಸಂಕೋಚಪಟ್ಟು ನನಗೆ ಒಪ್ಪಿಸಿದರು. ಗೊತ್ತಿದೆ ಎಂದುಕೊಂಡ ನಾನು ಕೇಳಲಿಲ್ಲ.

ಅವರು ಹಾರಿಯನ್ನು ವಾಪಸು ಗಾಡಿಯಲ್ಲಿಟ್ಟರು. ಅದು ನಾಲ್ಕನೆಯ ದಿನ, ಸೋಮವಾರ.

ಆಮೇಲೆ ಕೆಲಸ ಚುರುಕಾಯಿತು. ಹಳ್ಳದ ದಾರಿಯನ್ನು ಕೈಬಿಟ್ಟಿದ್ದರಿಂದ ಮೂರು ದಿನ ಉಳಿದವು. ಆ ಗರಸಿನ ಜಾಗದಲ್ಲೇ ಎರಡು ಅಡಿ ಆಳ, ಆರು ಅಡಿ ಉದ್ದದ ತೊಟ್ಟಿ ತೋಡಿ, ಖಡಿ ತುಂಬಿ, ಪೈಪನ್ನು ಅದಕ್ಕೆ ಬಿಟ್ಟೆವು. ಇನ್ನೊಂದು ಅಡಿ ಅಗೆದಿದ್ದರೆ ಗುದ್ದಲಿ ಕಲ್ಲಿಗೆ ತಾಗುತ್ತಿತ್ತು. ಎರಡು ಅಡಿ ಸಾಕು ಎಂದವನು ನಾನು. ಏಳು ನಿಮಿಷದ ಲೆಕ್ಕ ಹಿಡಿದು, ಚದರಡಿಗೆ ಇಷ್ಟು ನೀರು ಎಂದು ಹಾಳೆಯ ಮೇಲೆ ಬರೆದು ಮಾಲಕರಿಗೆ ತೋರಿಸಿದ್ದೆ. ಅವರು ಹಾಳೆಯನ್ನು ನೋಡದೆ ನನ್ನ ಮುಖ ನೋಡಿ, "ಓದಿದವರು ಅದೀರಿ, ನಿಮಗ ಗೊತ್ತು," ಎಂದಿದ್ದರು. ನೆಲದ ಕೆಳಗೆ ಪೈಪು, ಕೇಬಲ್ಲು ಏನಾದರೂ ಇದೆಯೇ ಎಂದು ಅವರನ್ನೂ ಕೇಳಿದ್ದೆ. ಇಲ್ಲ ಎಂದಿದ್ದರು. ಅವು ಇರಲೂ ಇಲ್ಲ.

ಗರಸು ತುಂಬಿ ರೋಲರ್ ಎಳೆದೆವು. ಆ ಜಾಗದ ಮೇಲೂ ಎಳೆದೆವು. ನೆಲ ತಡೆಯಿತು. ತಡೆಯದೆ ಅಲ್ಲೇ ಕುಸಿದಿದ್ದರೆ ಎಂದು ಈಗ ಎಷ್ಟೋ ಸಲ ಬಯಸುತ್ತೇನೆ. ರೋಲರ್ ಹೋಗುತ್ತಿತ್ತು, ಎಳೆಯುವವರು ನಾಲ್ಕು ಹೆಜ್ಜೆ ಮುಂದಿರುತ್ತಿದ್ದರು.

ಗುರುವಾರ ಹುಲ್ಲು ಬಿಚ್ಚಿದೆವು. ಸುರುಳಿ ಬಿಚ್ಚಿ ಒಂದು ಹೊತ್ತು ಬಿಸಿಲಿಗೆ ಬಿಡಬೇಕು, ಮಡಿಕೆ ಹೋಗುತ್ತದೆ. ಎಲ್ಲ ತುಂಡುಗಳ ಎಳೆಗಳೂ ಒಂದೇ ದಿಕ್ಕಿಗೆ ಬಾಗಿರಬೇಕು, ಇಲ್ಲವಾದರೆ ದೂರದಿಂದ ಎರಡು ಬಣ್ಣ ಕಾಣುತ್ತದೆ. ಅಂಚುಗಳನ್ನು ಕೂಡಿಸಿ ಕೆಳಗೆ ಪಟ್ಟಿಯಿಟ್ಟು ಅಂಟು ಬಳಿದು, ಮೇಲೆ ಮರಳಿನ ಚೀಲದ ಭಾರ ಇಡಬೇಕು. ಮೇಸ್ತ್ರಿ ಕೂಡಿಸಿದ ಜೋಡಣೆಯನ್ನು ಬೆರಳಿನಿಂದ ಮುಟ್ಟಿದರೂ ಗುರುತಿಸಲಾಗುತ್ತಿರಲಿಲ್ಲ. ತಮ್ಮ ಅದರ ಮೇಲೆ ಮೈಚೆಲ್ಲಿ, "ಚಾಚಾ, ನಾ ಇಲ್ಲೇ ಇರ್ತೀನಿ, ನನ್ನ ಹೇಂತಿಗೆ ಹೇಳಿಬಿಡ್ರಿ," ಎಂದ. "ಹೇಳ್ತೀನಿ, ಆಕೀ ಬಾಜೂಕ ಇನ್ನೊಂದು ಸುರಳಿ ಕೇಳ್ತಾಳ," ಎಂದರು ಮೇಸ್ತ್ರಿ.

ಶುಕ್ರವಾರ ಸೊಸೆ ಹುಲ್ಲಿನ ಮೇಲೆಯೇ, ಒಂದು ಬಾಳೆ ಎಲೆಯ ತುಂಡಿನ ಮೇಲೆ ಕುಂಕುಮವಿಟ್ಟು ಕೈಮುಗಿದಳು. ಕಲೆಯ ಬಗ್ಗೆ ನಾನು ಹೇಳಿದ್ದನ್ನು ನೆನಪಿಟ್ಟಿದ್ದಳು. ಅಂದೂ ಮರುದಿನ ಬೆಳಿಗ್ಗೆಯೂ ಕೊಳದ ಶೋಧಕವನ್ನು ತೊಳೆಯುವ ನೀರನ್ನೆಲ್ಲ ನಾವು ಹೊಸ ಪೈಪಿಗೆ ಬಿಟ್ಟೆವು. ಸಾವಿರಾರು ಲೀಟರ್. ಒಂದು ಹನಿ ನಿಲ್ಲಲಿಲ್ಲ. ಮಾಲಕರು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದು, "ಒಣಾ ಐತಲ್ರಿ!" ಎಂದು ಮಗುವಿನ ಹಾಗೆ ಖುಷಿಪಟ್ಟರು.

ಶನಿವಾರ ಹನ್ನೊಂದು ಗಂಟೆಯ ಸುಮಾರು. ಉಳಿದದ್ದು ಕೊನೆಯ ಕೆಲಸ. ಎಳೆಗಳ ಬುಡಕ್ಕೆ ಸಣ್ಣ ಮರಳು ಚೆಲ್ಲಿ ಗಟ್ಟಿ ಪೊರಕೆಯಿಂದ ಉಜ್ಜಬೇಕು, ಆಗ ಹುಲ್ಲು ನೆಟ್ಟಗೆ ನಿಲ್ಲುತ್ತದೆ. ಮರಳಿನ ಚೀಲಗಳನ್ನು ಬೇವಿನ ನೆರಳಿಗೆ ಒಟ್ಟಿದ್ದೆವು. ಮೇಸ್ತ್ರಿ ಅಲ್ಲಿಂದಲೇ ಉಜ್ಜುತ್ತ ಬರುತ್ತಿದ್ದರು. ನಾನು ಪಂಪಿನ ಹತ್ತಿರ ನಿಂತು ನೀರು ಬಿಡುತ್ತಿದ್ದೆ.

ಸದ್ದು ಆಗಲಿಲ್ಲ. ಇದನ್ನು ಯಾರಿಗೆ ಹೇಳಿದರೂ ನಂಬುವುದಿಲ್ಲ. ಹುಲ್ಲು ಮೊದಲು ಮೆಲ್ಲಗೆ ತಗ್ಗಿತು, ಹಾಸಿಗೆಯ ಮೇಲೆ ಯಾರೋ ಕೂತ ಹಾಗೆ. ಮೇಸ್ತ್ರಿ ಪೊರಕೆ ನಿಲ್ಲಿಸಿ ಕಾಲ ಕೆಳಗೆ ನೋಡಿದರು. ತಗ್ಗು ಇನ್ನಷ್ಟು ಇಳಿಯಿತು. ಅವರು ನನ್ನ ಕಡೆ ನೋಡಿದರು. ಹೆದರಿಕೆಯಿರಲಿಲ್ಲ ಆ ಮುಖದಲ್ಲಿ, ಏನೋ ಕೇಳುವವರ ಹಾಗಿತ್ತು. ಅಷ್ಟರಲ್ಲಿ ಒಂದು ಬದಿಯ ಜೋಡಣೆ ಬಿಚ್ಚಿಕೊಂಡಿತು. ಮರಳಿನ ಚೀಲ, ಖಡಿ, ಮೇಸ್ತ್ರಿ ಎಲ್ಲ ಒಟ್ಟಿಗೆ ಜಾರಿ ಒಳಗೆ ಹೋದವು. ಸದ್ದು ಆಮೇಲೆ ಬಂತು, ಕಲ್ಲು ಕಲ್ಲಿಗೆ ಬಡಿದ ಸದ್ದು, ಬಹಳ ಕೆಳಗಿನಿಂದ.

ನಾನು ಓಡಲಿಲ್ಲ. ಪಂಪು ನಿಲ್ಲಿಸಿದೆ. ಬುದ್ಧಿವಂತಿಕೆಯಿಂದ ಮಾಡಿದೆ ಎಂದು ಆಮೇಲೆ ಜನ ಅಂದರು. ಕೈ ಪಂಪಿನ ಸ್ವಿಚ್ಚಿನ ಮೇಲೇ ಇತ್ತು, ಅಷ್ಟೇ. ನಿಲ್ಲಿಸದಿದ್ದರೆ ನೀರು ಅವರ ಮೇಲೆ ಸುರಿಯುತ್ತಲೇ ಇರುತ್ತಿತ್ತು.

ಅಂಚಿಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದೆ. ಕೆಳಗೆ ದುಂಡನೆಯ ಕತ್ತಲೆ. ಕಲ್ಲು ಕಟ್ಟಿದ ಗೋಡೆ. ಅದು ಬಾವಿ. ಮೂರು ಅಡಿ ಮಣ್ಣಿನ ಕೆಳಗೆ, ಕೊಳೆತ ತೊಲೆಗಳ ಮೇಲೆ ಫರ್ಸಿ ಹಾಸಿ ಮುಚ್ಚಿದ ಬಾವಿ. ಹದಿನೈದು ಅಡಿ ಕೆಳಗೆ ಕೊಳೆತ ರವದಿಯ, ಅಂದರೆ ಕಬ್ಬಿನ ಒಣ ಸೋಗೆಯ, ರಾಶಿ, ಅದರಲ್ಲಿ ಸೊಂಟದವರೆಗೆ ಹೂತ ಮೇಸ್ತ್ರಿ. ಒಂದು ಫರ್ಸಿ ಅವರ ಎಡಗಾಲಿನ ಮೇಲೆ ಬಿದ್ದಿತ್ತು. ಬಾವಿಯ ಬಾಯಿಯಿಂದ ಹುಳಿ ಹಿಡಿದ, ಬೆಚ್ಚಗಿನ ವಾಸನೆ ಮೇಲಕ್ಕೆ ಬಂತು.

"ಚಾಚಾ!"

"ಹಾಂ. ಕಾಲು ಬರವಲ್ದು," ಎಂದರು.

ತಮ್ಮ ಆಗಲೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಂಚಿಗೆ ಬಂದಿದ್ದ. ಆ ವಾಸನೆ ಮೂಗಿಗೆ ಬಡಿದಾಗ ಕಾಲೇಜಿನ ಒಂದು ಪಾಠ ನೆನಪಾಯಿತು. ಮುಚ್ಚಿದ ಗುಂಡಿಯಲ್ಲಿ ಕೊಳೆತ ಕಸವಿದ್ದರೆ ಉಸಿರಾಡುವ ಗಾಳಿ ಇರುವುದಿಲ್ಲ. ಒಬ್ಬನನ್ನು ಉಳಿಸಲು ಇಳಿದ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಹೀಗೆ ಸಾಯುತ್ತಾರೆ. ಬಾವಿಯ ಬಾಯಿ ತೆರೆದುಕೊಂಡಿದ್ದರಿಂದ ಮೇಸ್ತ್ರಿಗೆ ಈಗ ಸ್ವಲ್ಪ ಗಾಳಿ ಸಿಗುತ್ತಿತ್ತು. ಆದರೆ ಅವರು ಅಲುಗಿದಷ್ಟೂ ರವದಿ ಕಲಕಿ ಕೆಟ್ಟ ಗಾಳಿ ಮೇಲೇಳುತ್ತಿತ್ತು. ನಾನು ತಮ್ಮನ ಕಾಲು ತಬ್ಬಿ ನೆಲಕ್ಕೆ ಕೆಡವಿದೆ.

"ಬಿಡೋ ಮಗನ! ಅಂವ ಸಾಯಾಕತ್ತಾನ!" ಎಂದು ನನ್ನ ಬೆನ್ನಿಗೆ ಗುದ್ದಿದ. ಅವತ್ತಿನವರೆಗೂ ನನ್ನನ್ನು 'ರೀ' ಇಲ್ಲದೆ ಮಾತಾಡಿಸದವನು.

"ಇಳದ್ರ ನೀನೂ ಸಾಯ್ತಿ! ಮೊದಲ ಗಾಳಿ ಬಿಡಬೇಕು, ಗಾಳಿ!"

ಹುಲ್ಲಿನ ಮೇಲಿನ ಕಸ ಹಾರಿಸಲು ನಮ್ಮ ಹತ್ತಿರ ಬ್ಲೋವರ್ ಇತ್ತು. ಉಳಿದ ನಾಲ್ಕಿಂಚಿನ ಪೈಪುಗಳಲ್ಲಿ ರಂಧ್ರವಿಲ್ಲದ ಎರಡನ್ನು ಕೂಡಿಸಿದೆವು. ಒಂದು ತುದಿಯನ್ನು ಬ್ಲೋವರಿನ ಮೂತಿಗೆ ಒದ್ದೆ ಚೀಲ ಸುತ್ತಿ ಬಿಗಿದು, ಇನ್ನೊಂದನ್ನು ಮೇಸ್ತ್ರಿಯ ಮುಖದ ಹತ್ತಿರ ಇಳಿಬಿಟ್ಟೆವು. ಅಣ್ಣ ಮನೆಯೊಳಗಿಂದ ವೈರು ಎಳೆದು ವಿದ್ಯುತ್ ತಂದ. ಸೊಸೆ ಮಂಚದ ಹಲಗೆಗಳನ್ನು ಎಳೆದುಕೊಂಡು ಬಂದಳು; ಅವನ್ನು ಅಂಚಿನಲ್ಲಿ ಅಡ್ಡ ಹಾಸಿ ಅದರ ಮೇಲೆ ಮಲಗಿದೆವು. ಮಾಲಕರು ಟ್ರ್ಯಾಕ್ಟರ್ ತರಿಸಿ ಹಗ್ಗ ಕಟ್ಟಿ ಎಳೆಯೋಣ ಎಂದರು. ಹತ್ತಿರ ಬಂದರೆ ಉಳಿದ ಫರ್ಸಿಯೂ ಬೀಳುತ್ತದೆ ಎಂದು ಕೈಮುಗಿದು ಗೇಟಿನಲ್ಲೇ ನಿಲ್ಲಿಸಿದೆ. ಹುಕ್ಕೇರಿಯ ಅಗ್ನಿಶಾಮಕದವರಿಗೆ ಫೋನು ಹೋಗಿತ್ತು.

ಹರಿದ ಹುಲ್ಲಿನ ಒಂದು ಅಂಚು ಬಾವಿಯೊಳಗೆ ಜೋತುಬಿದ್ದು, ಅದರ ಮೇಲೆ ಮರಳಿನ ಎರಡು ಚೀಲ ನಿಂತಿದ್ದವು. ಹುಲ್ಲು ಅಡ್ಡವಾಗಿದೆ, ಕತ್ತರಿಸೋಣ ಎಂದು ಅಣ್ಣ ಚೂರಿ ತೆಗೆದ. ಬೇಡವೆಂದೆ. ಕತ್ತರಿಸಿದರೆ ಚೀಲಗಳು ಮೇಸ್ತ್ರಿಯ ತಲೆಯ ಮೇಲೆ ಬೀಳುತ್ತಿದ್ದವು. ಅಂದು ನಾನು ತೆಗೆದುಕೊಂಡ ನಿರ್ಧಾರಗಳೆಲ್ಲ ಸರಿಯಾಗಿದ್ದವು. ಬರೆಯುವಾಗ ಅದೇ ನನ್ನನ್ನು ಹೆಚ್ಚು ಚುಚ್ಚುತ್ತದೆ. ಕಣ್ಣೆದುರು ಕಂಡದ್ದಕ್ಕೆ ನನ್ನ ಓದು ಉಪಯೋಗಕ್ಕೆ ಬಂತು. ಕಾಣದ್ದರ ಬಗ್ಗೆ ಒಂದು ಮಾತು ಕೇಳಲು ಮಾತ್ರ ಬರಲಿಲ್ಲ.

ಮೇಸ್ತ್ರಿ ಕಣ್ಣು ಮುಚ್ಚತೊಡಗಿದ್ದರು. ನಾನು ಅವರನ್ನು ಮಾತಾಡಿಸುತ್ತಲೇ ಇದ್ದೆ.

"ಚಾಚಾ, ಪೈಪ್ ಮುಖಕ್ಕ ಹಿಡೀರಿ. ಕೇಳಸ್ತೈತಿ?"

"ಕೇಳಸ್ತೈತಿ."

"ಮನ್ಯಾಗ ಯಾರ್ಯಾರು ಅದಾರ ಹೇಳ್ರಿ."

"ನಿಮಗ ಗೊತ್ತಿಲ್ಲೇನು? ಉಂಡು ಹೋಗೀರಿ."

"ಆದ್ರೂ ಹೇಳ್ರಿ."

ಹೆಂಡತಿ, ಮಗಳು ಎಂದು ಹೇಳಿದರು. ಮಗಳು ನರ್ಸಿಂಗ್ ಓದುತ್ತಿದ್ದಾಳೆ ಎಂದರು. ಅದನ್ನೇ ಮತ್ತೆ ಹೇಳಿದರು. ಕೆಮ್ಮಿದರು. ಆಮೇಲೆ ತಲೆಯೆತ್ತಿ, ಬಿಸಿಲಿಗೆ ಕಣ್ಣು ಕಿರಿದಾಗಿಸಿ, "ಇಂಜಿನಿಯರ್ ಸಾಹೇಬ್ರ, ನೀರೇನೋ ಚೊಲೋ ಇಂಗಾಕತ್ತೈತ್ರಿ," ಎಂದರು.

ನಕ್ಕರೋ ಇಲ್ಲವೋ ಕಾಣಲಿಲ್ಲ. ಪಕ್ಕದಲ್ಲಿ ಮಲಗಿದ್ದ ತಮ್ಮ ಹಲಗೆಗೆ ಹಣೆಯಿಟ್ಟು ಅಳತೊಡಗಿದ.

ಐವತ್ತು ನಿಮಿಷದ ಮೇಲೆ ಅಗ್ನಿಶಾಮಕದವರು ಬಂದರು. ಒಬ್ಬರು ಉಸಿರಿನ ಸಿಲಿಂಡರ್ ಕಟ್ಟಿಕೊಂಡು ಇಳಿದು, ಜಾಕ್ ಹಚ್ಚಿ ಫರ್ಸಿ ಎತ್ತಿದರು. ಮೇಸ್ತ್ರಿಯನ್ನು ಮೇಲೆ ತರುವ ಹೊತ್ತಿಗೆ ಅವರ ತುಟಿ ನೀಲಿಯಾಗಿತ್ತು. ಮೇಸ್ತ್ರಿಯ ಬೂಟು ಕಳಚಿದವರೊಬ್ಬರು ಕಾಲನ್ನು ನೋಡಿ ಮತ್ತೆ ಬಟ್ಟೆ ಮುಚ್ಚಿದರು. ಅಷ್ಟಕ್ಕೇ ಗೊತ್ತಾಯಿತು.

ಬೆಳಗಾವಿಗೆ ಒಯ್ಯುವ ಮುಂಚೆ ಅಂಗಳದಲ್ಲಿ ಮಾಲಕರು ನನ್ನ ರಟ್ಟೆ ಹಿಡಿದುಕೊಂಡರು.

"ನೀವು ಪೈಪ್ ಐತೇನು, ಕೇಬಲ್ ಐತೇನು ಅಂತ ಕೇಳಿದ್ರಿ. ಬಾವಿ ಅಂತ ಕೇಳಲಿಲ್ಲಲ್ರಿ. ನನಗರ ನೆನಪು ಎಲ್ಲಿರ್ತೈತಿ? ಬೋರ್ ಹಾಕಿಸಿದ ಮ್ಯಾಲ ನಮ್ಮಪ್ಪ ಮುಚ್ಚಿಸಿದ್ದು."

ಸೊಸೆ ಬೇವಿನ ಗಿಡಕ್ಕೆ ಒರಗಿ ಕೂತಿದ್ದಳು. ನಾನು ಕೇಳದಿದ್ದರೂ ಹೇಳಿದಳು. "ಗಂಗವ್ವನ ಬಾಯಿಗೆ ಮಣ್ಣು ಹಾಕಬಾರ್ದು ಅಂತ ನಮ್ಮಲ್ಲಿ ಪೂರಾ ತುಂಬೂದಿಲ್ರಿ. ರವದಿ ಹಾಕಿ, ಉಡಿ ತುಂಬಿ, ಫರ್ಸಿ ಮುಚ್ಚತಾರ. ಮುಚ್ಚಿದ ಮ್ಯಾಲ ಆಕೀ ಹೆಸರು ತಗಿಯಂಗಿಲ್ಲ. ತಪ್ಪಾತು ಅಂತ ಶುಕ್ರವಾರ ಕೈಮುಗೀತೇವಿ. ನೀವು ಕೇಳಿದ್ರ ಹೇಳ್ತಿದ್ದೆ ಅಣ್ಣಾರ. ದೇವರಾಣಿ ಹೇಳ್ತಿದ್ದೆ."

ಮರುದಿನ ಆ ಹುಲ್ಲಿನ ಮೇಲೆ ಅರವತ್ತು ಹೆಂಗಸರು ಕೂರುವವರಿದ್ದರು. ತುಂಬಿದ ಬಸುರಿಗೆ ನೆರಳಿರಲಿ ಎಂದು ಮಣೆಯನ್ನು ಬೇವಿನ ಬುಡದಲ್ಲೇ ಹಾಕುವುದೆಂದು ಮಾತಾಗಿತ್ತು. ಈ ಚಿತ್ರ ನನ್ನನ್ನು ಬಿಡುವುದಿಲ್ಲ. ಮಣೆ, ಹಸಿರು ಸೀರೆ, ಹಾಡು, ಸುತ್ತ ಮಕ್ಕಳು. ಹುಲ್ಲು ಮೆಲ್ಲಗೆ ತಗ್ಗುತ್ತದೆ. ಎಲ್ಲರೂ ಒಮ್ಮೆ ಕಾಲ ಕೆಳಗೆ ನೋಡಿ, ಆಮೇಲೆ ನನ್ನ ಕಡೆ ನೋಡುತ್ತಾರೆ. ಬಚ್ಚಲಲ್ಲಿ ನೀರು ಬೇಗ ಇಳಿದರೂ ನಾನೀಗ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ.

ಮೇಸ್ತ್ರಿಯ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಎದೆಯ ಕೆಮ್ಮು ಇನ್ನೂ ಹೋಗಿಲ್ಲ. ಫರ್ಸಿ ಹಾಸುವವರ ಕೆಲಸವೆಲ್ಲ ಕುಕ್ಕರಗಾಲಲ್ಲಿ. ಅದನ್ನು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ತಮ್ಮ ಸಲಕರಣೆಗಳನ್ನು ಮೇಲವಂಕಿಯ ಅಣ್ಣತಮ್ಮಂದಿರಿಗೆ ಕೊಟ್ಟುಬಿಟ್ಟರೆಂದು ಕೇಳಿದೆ.

ಊರಲ್ಲಿ ನನಗೆ ಹೆಸರು ಬಂತು. ಬ್ಲೋವರ್ ಹಚ್ಚಿ ಜೀವ ಉಳಿಸಿದ ಇಂಜಿನಿಯರ್ ಎಂದು ಚಹಾದಂಗಡಿಯಲ್ಲಿ ಗುರುತಿಸಿದರು. ಕಾಲೇಜಿನ ಗೆಳೆಯರು ಫೋನು ಮಾಡಿದರು. ತಪ್ಪೆಲ್ಲ ಬಾವಿ ಮುಚ್ಚಿಟ್ಟ ಮನೆಯವರದು ಎಂದು ಎಲ್ಲರೂ ಅಂದರು. ನಾನು ಒಂದು ಸಲವೂ ಅಲ್ಲವೆನ್ನಲಿಲ್ಲ. ನಾವಿಬ್ಬರು ಆ ಗುಂಡಿಯ ಪಕ್ಕ ಆಡಿದ ಮಾತು ಮೇಸ್ತ್ರಿಯನ್ನೂ ನನ್ನನ್ನೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವರು ಯಾರಿಗೂ ಹೇಳಿರಲಿಲ್ಲ.

ಎರಡು ತಿಂಗಳ ಮೇಲೆ ಗೋಕಾಕದ ಅವರ ಮನೆಗೆ ಹೋದೆ. ಮೇಸ್ತ್ರಿ ಬಾಗಿಲ ಬಳಿ ಖುರ್ಚಿಯ ಮೇಲೆ ಕೂತಿದ್ದರು, ಲುಂಗಿಯ ಒಂದು ಬದಿ ಮಡಚಿಕೊಂಡು. ನನ್ನನ್ನು ಕಂಡು ಏಳಲು ಹೋಗಿ, ನೆನಪಾಗಿ, ಕೂತರು. ಹೊಸ ಕೆಲಸ ಎಲ್ಲಿ ನಡೆದಿದೆ ಎಂದು ಕೇಳಿದರು. ಎಲ್ಲೂ ಹಿಡಿದಿಲ್ಲ ಎಂದೆ.

"ಹಿಡೀರಿ. ಮನ್ಯಾಗ ಕುಂತ್ರ ತಲಿ ಕೆಡತೈತಿ. ನನ್ನ ನೋಡ್ರಿ," ಎಂದರು.

ಮೇಸ್ತ್ರಿಯ ಹೆಂಡತಿ, ಚಾಚಿ, ಚಹಾ ತಂದರು. ಹಿತ್ತಾಳೆಯ ತಟ್ಟೆಯಲ್ಲಿ ಬಿಸ್ಕೀಟು ಜೋಡಿಸಿ, ನನಗೆ ಮೊದಲು ಕೊಟ್ಟರು. ಎದುರಿಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು.

"ನೀ ಇದ್ದಿ ಅಂತ ಇವರು ಉಳದ್ರು ತಮ್ಮಾ. ದಿನಾ ನಮಾಜಿನ್ಯಾಗ ನಿನ್ನ ಹೆಸರು ತಗೋತೀನಿ."

ಮೇಸ್ತ್ರಿ ಬಾಗಿಲಿನ ಹೊರಗೆ ನೋಡುತ್ತಿದ್ದರು. ನಾನು ಕಪ್ಪು ಕೆಳಗಿಟ್ಟೆ.

"ಚಾಚಿ, ಇವರು ನನಗ ಅವತ್ತ ಹೇಳಿದ್ರು. ಈ ನೆಲ ಸರಿ ಅನಸವಲ್ದು, ಪೂಜಾದ ಜಾಗಾ ಐತಿ, ಏನು ಎತ್ತ ಅಂತ ಮನ್ಯಾಗ ಕೇಳ್ರಿ ಅಂದ್ರು. ನಾ ಕೇಳೀನಿ ಅಂದೆ. ಕೇಳಿರಲಿಲ್ಲ."

ಹೊರಗೆ ಗಾಡಿಯೊಂದು ಹಾದುಹೋಯಿತು. ಮೇಸ್ತ್ರಿ, "ಅದನ್ಯಾಕ ಈಗ..." ಎಂದು ಶುರುಮಾಡಿ ಕೆಮ್ಮಿದರು. ಚಾಚಿ ಅವರನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಅರ್ಥವಾಗದ ಲೆಕ್ಕವನ್ನು ಮತ್ತೊಮ್ಮೆ ಕೇಳುವವರ ದನಿಯಲ್ಲಿ ಕೇಳಿದರು.

"ಏನಂತ ಕೇಳಬೇಕಿತ್ತು?"

"ಇಲ್ಲಿ ಯಾಕ ಕೈಮುಗೀತೀರಿ ಅಂತ."

"ಅಷ್ಟಽ?"

"ಅಷ್ಟಽ ಚಾಚಿ."